ಮಣಿಯಿಂದ ಶುರುವಾಗದ ಚಿತ್ರಗಳು

ಮಾರ್ಚ್ ೩, ಸೋಮವಾರ

ಅಮ್ಮಾ,

ಕೂತುಕೊಂಡು ಓದು. ನಿಂತು ಓದಿದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಓಡಾಡಲು ಶುರುಮಾಡುತ್ತೀಯ, ಮೂರನೇ ಪುಟಕ್ಕೆ ಫೋನಿನ ಹತ್ತಿರ ಇರುತ್ತೀಯ. ಫೋನ್ ಬೇಡ. ಫೋನಿನಲ್ಲಿ ನಾವಿಬ್ಬರು ಆಡಿದ ಮಾತು ಯಾವತ್ತು ನೆಟ್ಟಗೆ ಮುಗಿದಿದೆ ಹೇಳು. ನಾನು ಅರ್ಧ ಹೇಳುವಷ್ಟರಲ್ಲಿ ನೀನು ಪೂರ್ತಿ ಉತ್ತರ ಕೊಟ್ಟು ಇಟ್ಟುಬಿಡುತ್ತೀಯ. ಆಮೇಲೆ ಅಪ್ಪ ಫೋನ್ ಮಾಡಿ, ನಿಮ್ಮಮ್ಮ ಅಂದಿದ್ದರ ಅರ್ಥ ಹಾಗಲ್ಲ, ಹೀಗೆ ಎಂದು ವ್ಯಾಖ್ಯಾನ ಮಾಡಬೇಕು. ಪಾಪ, ಇಡೀ ಜೀವಮಾನ ಲೆಕ್ಕ ಹೇಳಿಕೊಟ್ಟ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಭಾಷ್ಯ ಬರೆಯುವ ಕೆಲಸ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ಹರಿದು ಹಾಕಬಹುದು. ಆದರೆ ನೀನು ಚೂರು ಜೋಡಿಸಿಕೊಂಡು ಓದುವವಳು ಎಂದು ನನಗೆ ಗೊತ್ತಿದೆ.

ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಕೂದಲು ಕತ್ತರಿಸಿಕೊಂಡಿಲ್ಲ, ಮೇಲಿನವರ ಜೊತೆ ಜಗಳವಾಡಿಲ್ಲ. ನಿನ್ನ ಪ್ರಶ್ನೆಗಳಿಗೆಲ್ಲ ಉತ್ತರ ಆಯಿತು. ಇನ್ನು ನನ್ನ ಮಾತು ಕೇಳು.

ಮುಂದಿನ ತಿಂಗಳು ನಿನಗೆ ಸನ್ಮಾನ ಮಾಡಲಿರುವ ಸಂಘದವರು ನಿನಗೆ ಗೊತ್ತಾಗದಂತೆ ನನಗೊಂದು ಕೆಲಸ ಒಪ್ಪಿಸಿದ್ದರು. ನೀನು ಭಾಷಣಕ್ಕೆ ನಿಲ್ಲುವ ಮೊದಲು ತೋರಿಸಲು ಒಂದು ಪುಟ್ಟ ವಿಡಿಯೋ ಚಿತ್ರ ಬೇಕು, ಮಣಿ ಮೇಡಂ ಅವರ ಇಷ್ಟು ವರ್ಷದ ಕೆಲಸವೆಲ್ಲ ಅದರಲ್ಲಿ ಬರಬೇಕು ಎಂದರು. ಮಗಳೂ ಹೌದು, ಒಂದು ಸಂಸ್ಥೆಯ ಸೂಕ್ಷ್ಮದರ್ಶಕಗಳನ್ನೆಲ್ಲ ನೋಡಿಕೊಳ್ಳುವವಳೂ ಹೌದು, ನಿಮ್ಮನ್ನು ಬಿಟ್ಟು ಯಾರನ್ನು ಕೇಳೋಣ ಎಂದರು. ನಾನು ಉಬ್ಬಿಹೋದೆ. ಅಪ್ಪನನ್ನೂ ಒಳಸಂಚಿಗೆ ಸೇರಿಸಿಕೊಂಡೆ. ನಿನ್ನ ಪ್ರಯೋಗಾಲಯದ ಬೀರುವಿನಲ್ಲಿದ್ದ ಹಳೆಯ ಹೊಸ ವಿಡಿಯೋ ಚಿತ್ರಗಳ ಪ್ರತಿಯನ್ನೆಲ್ಲ ನಿನ್ನ ಶಿಷ್ಯೆ ಉದ್ದಜಡೆಯಿಂದ ತೆಗೆಸಿ, ಟವೆಲಿನಲ್ಲಿ ಸುತ್ತಿ ಪಾರ್ಸಲ್ ಮಾಡಿದ್ದು ಅವರೇ. ನಿನ್ನ ನೀಲಿ ಟವೆಲು ಕಾಣೆಯಾಗಿದೆ ಎಂದು ನೀನು ಮನೆ ಜಾಲಾಡುತ್ತಿದ್ದರೆ, ಅದು ನನ್ನ ಹತ್ತಿರ ಇದೆ.

ಚಿತ್ರದ ಜೊತೆಗೆ ಓದಲು ನಾಲ್ಕು ಮಾತೂ ಬರೆದೆ. ಸಭೆಗೆ ಮನೆಮಂದಿಯೂ ಬರುತ್ತಾರೆ, ಎಲ್ಲರಿಗೂ ತಿಳಿಯುವ ಹಾಗೆ ಬರೆಯಿರಿ ಎಂದಿದ್ದರು. ಹೀಗೆ ಬರೆದೆ:

“ಬದುಕಿರುವ ಜೀವಕೋಶವನ್ನು ಬರಿದೇ ನೋಡಿದರೆ ನೀರಿನೊಳಗಿನ ಗಾಜಿನ ಹಾಗೆ, ಏನೂ ತಿಳಿಯುವುದಿಲ್ಲ. ಆದರೆ ಕೆಲವು ಬಣ್ಣಗಳಿವೆ. ಅವುಗಳ ಮೇಲೆ ಒಂದು ಬಣ್ಣದ ಬೆಳಕು ಬಿದ್ದರೆ ಅವು ಇನ್ನೊಂದು ಬಣ್ಣದಲ್ಲಿ ಹೊಳೆಯುತ್ತವೆ. ಜೀವಕೋಶದೊಳಗೆ ಒಂದೊಂದು ಬಣ್ಣಕ್ಕೂ ಒಂದೊಂದು ಮನೆ. ಒಂದು ಹೋಗಿ ಕೋಶಕೇಂದ್ರದಲ್ಲಿ ಕೂರುತ್ತದೆ, ಇನ್ನೊಂದು ಹೊರಗಿನ ಪೊರೆಗೆ ಅಂಟುತ್ತದೆ. ಮಣಿ ಮೇಡಂ ಅವರ ಬಣ್ಣ ಮೈಟೊಕಾಂಡ್ರಿಯಾವನ್ನು ಹುಡುಕಿಕೊಂಡು ಹೋಗುತ್ತದೆ. ಅದು ಜೀವಕೋಶದ ಒಲೆ. ಹಸಿರು ದೀಪ ಹಾಕಿದ ಕೂಡಲೇ ಒಲೆಗಳೆಲ್ಲ ಕೆಂಪು ಎಳೆಗಳಾಗಿ ಕಾಣುತ್ತವೆ. ಆ ಎಳೆಗಳು ಆಗಾಗ ತುಂಡಾಗಿ ಮಣಿಗಳಾಗುತ್ತವೆ, ಮತ್ತೆ ಕೂಡಿ ಎಳೆಗಳಾಗುತ್ತವೆ ಎಂದು ಮೊದಲು ಕಂಡವರು ಇವರು. ಆರೋಗ್ಯವಂತ ಜೀವಕೋಶದ ಉಸಿರಾಟ ಎಂದು ಅದನ್ನು ಕರೆದರು.”

ಬರೆದು ಖುಷಿಪಟ್ಟು, ಟೀ ಕುಡಿದು, ಚಿತ್ರ ಜೋಡಿಸಲು ಕೂತೆ. ನನ್ನ ಕೋಣೆ ನೀನು ನೋಡಿದ್ದೀಯಲ್ಲ, ನೆಲಮಾಳಿಗೆಯಲ್ಲಿ, ಎರಡು ಪದರ ಕಪ್ಪು ಪರದೆಯ ಹಿಂದೆ. ಫ್ಯಾನು ಗುಂಯ್ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಸೀಳಿಹೋದ ಸ್ಟೂಲಿಗೆ ಟೇಪು ಸುತ್ತಿ ಸುತ್ತಿ ಈಗ ಸ್ಟೂಲಿಗಿಂತ ಟೇಪೇ ಜಾಸ್ತಿ. ನೀನು ಅದರ ಮೇಲೆ ಕೂರಲು ಒಪ್ಪಿರಲಿಲ್ಲ.

ಚಿತ್ರದ ಮೊದಲಿಗೆ ಮಣಿಗಳೇ ಬರಲಿ, ಆಮೇಲೆ ಎಳೆ ತೋರಿಸೋಣ ಎಂದು ನನ್ನ ಲೆಕ್ಕ. ಹಾಗಾಗಿ ಮಣಿಯಿಂದ ಶುರುವಾಗುವ ಒಂದು ತುಣುಕು ಹುಡುಕಿದೆ. ಸಿಗಲಿಲ್ಲ. ಹೊಸದರಲ್ಲಿ ಸಿಗಲಿಲ್ಲ, ಹಳೆಯದರಲ್ಲಿ ಇರುತ್ತದೆ ಎಂದುಕೊಂಡೆ. ಅಲ್ಲೂ ಇಲ್ಲ. ಪೆಟ್ಟಿಗೆಯಲ್ಲಿದ್ದ ಎಲ್ಲವನ್ನೂ ತೆರೆದು ನೋಡಿದೆ ಅಮ್ಮ. ಒಂದೇ ಒಂದು ಚಿತ್ರವೂ ಮಣಿಯಿಂದ ಶುರುವಾಗುವುದಿಲ್ಲ. ಎಲ್ಲವೂ ಎಳೆಯಿಂದಲೇ ಶುರು, ಸ್ವಲ್ಪ ಹೊತ್ತಾದ ಮೇಲೆ ಮಣಿ.

ಜೋಡಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ. ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಬರೆದು ನೋಡಿದರೆ ನನಗೇ ಧೈರ್ಯ ಬರುತ್ತದೆ. ಜೀವಕೋಶ ತನ್ನ ಪಾಡಿಗೆ ತಾನು ಎಳೆಯಾಗಿ, ಮಣಿಯಾಗಿ ಉಸಿರಾಡುತ್ತಿದ್ದರೆ, ನಾವು ಯಾವಾಗಲೋ ಬಾಗಿಲು ತೆಗೆದು ನೋಡಿದಾಗ ಕೆಲವು ಸಲವಾದರೂ ಅದು ಮಣಿಯಾಗಿಯೇ ಸಿಗಬೇಕಿತ್ತು. ನಾವು ದೀಪ ಹಾಕುವುದನ್ನೇ ಕಾದುಕೊಂಡು ಎಳೆಯಿಂದ ಶುರುಮಾಡಲು ಅದಕ್ಕೇನು ನಮ್ಮ ಹಂಗು?

ನಿನ್ನನ್ನು ಉಳಿಸಲು ಎಷ್ಟು ಒದ್ದಾಡಿದೆ ಗೊತ್ತಾ. ಒಳ್ಳೆಯ ಎಳೆ ಕಂಡಾಗಲೇ ನಿನ್ನ ಶಿಷ್ಯರು ಚಿತ್ರ ಶುರುಮಾಡಿರಬಹುದು ಎಂದುಕೊಂಡೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು. ಮಣಿ ಮತ್ತೆ ಎಳೆಯಾಗುವುದನ್ನು ನೀನು ಎಂದೂ ಚಿತ್ರದಲ್ಲಿ ಹಿಡಿದಿಲ್ಲ. ಒಂದು ಚಿತ್ರದ ಕೊನೆಗೆ ಮಣಿ, ಮುಂದಿನ ಚಿತ್ರದ ಮೊದಲಿಗೆ ಎಳೆ. ನಡುವಿನ ಹೊತ್ತಿನಲ್ಲಿ ಏನಾಗುತ್ತದೆ? ನಿನ್ನ ಪ್ರಯೋಗಾಲಯದಲ್ಲಿ ಬೆಳೆದವಳು ನಾನು, ನನಗೆ ಗೊತ್ತು. ಎಲ್ಲರೂ ದೀಪ ಆರಿಸಿ ಟೀಗೆ ಹೋಗುತ್ತಾರೆ. ಆಕಾಶ ಕಳಚಿ ಬಿದ್ದರೂ ನಿನ್ನಲ್ಲಿ ಟೀ ಹೊತ್ತು ತಪ್ಪುವುದಿಲ್ಲ. ಬೆಳಗಿನ ಟೀ, ಊಟ, ಮಧ್ಯಾಹ್ನದ ಟೀ. ನೀನು ಲೆಕ್ಕ ಹಾಕಿದ ಕೋಶದ ಉಸಿರಾಟದ ಲಯವನ್ನು ಆ ಹೊತ್ತುಗಳ ಪಕ್ಕದಲ್ಲಿಟ್ಟು ನೋಡಿದೆ. ಅದು ಜೀವಕೋಶದ ತಾಳವಲ್ಲಮ್ಮ. ನಮ್ಮ ಟೀ ಹೊತ್ತಿನ ತಾಳ.

ಮೊದಲು ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಪರದೆ ಸರಿಸಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ.

ಅತ್ತು ಮುಗಿದ ಮೇಲೆ ಕೆಲಸ ಶುರುಮಾಡಿದೆ. ನಿನ್ನದೇ ಬಣ್ಣ ತರಿಸಿದೆ. ಬಣ್ಣ ಹಾಕಿ ಕತ್ತಲಲ್ಲಿಟ್ಟವು ಕೆಲವು, ಬಣ್ಣವಿಲ್ಲದೆ ಬೆಳಕಿಗೆ ಹಿಡಿದವು ಕೆಲವು, ಬಣ್ಣವನ್ನೂ ಬೆಳಕನ್ನೂ ಎರಡನ್ನೂ ಕೊಟ್ಟವು ಕೆಲವು. ಕತ್ತಲಲ್ಲಿಟ್ಟವನ್ನು ಅತ್ಯಂತ ಸಣ್ಣ ದೀಪದಲ್ಲಿ ಒಂದು ಕ್ಷಣ ಇಣುಕಿ ಬಿಟ್ಟುಬಿಟ್ಟೆ. ಬೆಳಗಿನಿಂದ ಸಂಜೆವರೆಗೆ ಎಳೆ ಎಳೆಯಾಗಿಯೇ ಇತ್ತು. ಬಣ್ಣವಿಲ್ಲದ್ದಕ್ಕೆ ಕೊನೆಯಲ್ಲಿ ಬಣ್ಣ ಹಾಕಿ ಇಣುಕಿದೆ, ಅದಕ್ಕೂ ಏನೂ ಆಗಿರಲಿಲ್ಲ. ಬಣ್ಣವೂ ಜೋರು ದೀಪವೂ ಸೇರಿದ ಕಡೆ ಮಾತ್ರ ಹೇಳಿ ಕರೆಸಿದ ಹಾಗೆ ಮಣಿ ಬಂತು. ದೀಪ ಆರಿಸಿ ಬಿಟ್ಟರೆ ನಿಧಾನಕ್ಕೆ ಸುಧಾರಿಸಿಕೊಂಡು ಎಳೆಯಾಯಿತು. ಬಣ್ಣ ಬೆಳಕು ಕುಡಿದಾಗ ಹೊಳೆಯುವುದಷ್ಟೇ ಅಲ್ಲ, ಸುತ್ತಮುತ್ತ ಸುಡುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವಳು ನೀನೇ. ಅದು ಉಸಿರಲ್ಲ, ನೋವು. ಮಣಿ ಸುಳ್ಳು ಅಮ್ಮ.

ಈಗ ನೀನು ಏನು ಹೇಳುತ್ತೀಯ ಗೊತ್ತು. ನಿನ್ನ ಯಂತ್ರ, ನಿನ್ನ ಕೋಶ, ನನ್ನಲ್ಲಿ ಹಾಗಾಗುವುದಿಲ್ಲ ಎನ್ನುತ್ತೀಯ. ಅದಕ್ಕೇ ಕಳೆದ ವಾರ ನೀನು ಪರೀಕ್ಷೆ ನಡೆಸಲು ಬೇರೆ ಊರಿಗೆ ಹೋಗಿದ್ದಾಗ ನಾನು ನಿನ್ನ ಪ್ರಯೋಗಾಲಯಕ್ಕೆ ಬಂದಿದ್ದೆ. ಉದ್ದಜಡೆ ಬಾಗಿಲು ತೆಗೆದಳು. ಅವಳನ್ನು ಬೈಯಬೇಡ, ನಾನು ಹೆದರಿಸಿ ಒಳಗೆ ಬಂದೆ. ನಿನ್ನ ಕೋಶ, ನಿನ್ನ ಯಂತ್ರ, ನಿನ್ನ ಶಿಷ್ಯೆಯ ಕೈ. ಅಲ್ಲೂ ಅಷ್ಟೇ. ನಾನು ವಿಷಯ ಬಾಯಿಬಿಟ್ಟಾಗ ಆ ಹುಡುಗಿ ತನ್ನ ನೋಟುಬುಕ್ಕು ತೆಗೆದು ಹಳೆಯ ಪುಟ ಮಗುಚಿದಳು. ಆಮೇಲೆ, ತಪಾಸಣೆ ಸಮಿತಿಯವರು ಬಂದ ದಿನ ಯಾರೂ ಟೀಗೆ ಹೋಗಿರಲಿಲ್ಲ, ಅವತ್ತು ಮಣಿ ಮಣಿಯಾಗಿಯೇ ಉಳಿದು ಕೋಶಗಳೆಲ್ಲ ಸತ್ತವು, ಮೇಡಂ ಕೆಟ್ಟ ಬ್ಯಾಚ್ ಎಂದು ಎಸೆಯಲು ಹೇಳಿದರು ಎಂದಳು. ಅವಳ ಪ್ರಬಂಧ ಪೂರ್ತಿ ಮಣಿಯ ಮೇಲೆ ನಿಂತಿದೆ. ನನ್ನನ್ನು ಗೇಟಿನವರೆಗೂ ಕಳಿಸಲು ಬಂದವಳು ಒಂದೇ ಮಾತು ಕೇಳಿದಳು.

“ಮೇಡಂಗೆ ಯಾರು ಹೇಳ್ತಾರೆ ಅಕ್ಕ?”

ನಾನೇ ಹೇಳುತ್ತೇನೆ ಎಂದೆ. ಹೇಳುತ್ತಿದ್ದೇನೆ.

ನನಗೆ ತಲೆ ಕೆಡಿಸಿದ್ದು ಒಂದೇ ವಿಷಯ. ನಿನ್ನ ದೀಪ ಅಷ್ಟೊಂದು ಜೋರು ಯಾಕೆ? ನಿನ್ನ ನಿಯಮ ನನಗೆ ಬಾಯಿಪಾಠ: ಕ್ಯಾಮೆರಾ ಏನು ಬೇಕಾದರೂ ತೋರಿಸಲಿ, ಮೊದಲು ಕಣ್ಣಿಟ್ಟು ನೋಡು, ಕಣ್ಣಾರೆ ಕಾಣದ್ದನ್ನು ಒಪ್ಪಬೇಡ. ಸರಿ, ಕಣ್ಣಿಗೆ ಕ್ಯಾಮೆರಾಗಿಂತ ಹೆಚ್ಚು ಬೆಳಕು ಬೇಕು, ಒಪ್ಪಿದೆ. ಆದರೆ ನೀನು ಗುರುತು ಹಾಕಿಟ್ಟ ಮಟ್ಟಕ್ಕೆ ದೀಪ ಏರಿಸಿದಾಗ ನನ್ನ ಕಣ್ಣು ಕುಕ್ಕಿ ನೀರು ಬಂತು. ಅದರ ಕಾಲು ಭಾಗದಲ್ಲಿ ನನಗೆ ಎಲ್ಲ ಸೊಗಸಾಗಿ ಕಾಣುತ್ತಿತ್ತು. ಕಣ್ಣಿಟ್ಟು ನೋಡಿದ ಮೇಲೆ ದೀಪ ತಗ್ಗಿಸದೆ ಹಾಗೇ ಚಿತ್ರ ತೆಗೆದಿದ್ದಾರೆ ಎಲ್ಲರೂ, ಮೇಡಂ ಇಟ್ಟ ಗುರುತು ಎಂದು ಮುಟ್ಟಲು ಹೆದರಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಜೀವ ತಿಂದವಳು ನೀನು. ಇದೊಂದನ್ನು ಹೇಗೆ ಬಿಟ್ಟೆ? ನಿನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಾನೂ ನಂಬಿಲ್ಲ. ಉತ್ತರ ಕೊಡು.

ಈಗ ಕಡ್ಡಿ ಮುರಿದಂತೆ ಹೇಳುತ್ತೇನೆ, ಅಡ್ಡಗೋಡೆಯ ಮೇಲೆ ದೀಪ ಇಡುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಆ ಸಭೆಯಲ್ಲಿ ನೀನು ಮಣಿಯನ್ನು ಉಸಿರು ಎಂದು ಹೇಳಕೂಡದು. ಇವತ್ತಲ್ಲ ನಾಳೆ ಯಾರಾದರೂ ಸಣ್ಣ ದೀಪದಲ್ಲಿ ನೋಡುತ್ತಾರೆ, ಆಗ ಅದು ನಿನ್ನ ಬಾಯಿಂದ ಬಂದ ಮಾತಾಗಿರುವುದಿಲ್ಲ, ನಿನ್ನ ಮೇಲೆ ಬಂದ ಮಾತಾಗಿರುತ್ತದೆ. ಇಷ್ಟು ವರ್ಷ ನೀನು ಗಳಿಸಿದ ಹೆಸರನ್ನು ಪರರು ಬಂದು ಬಿಚ್ಚಿಹಾಕುವುದನ್ನು ನಾನು ಮುಂದಿನ ಸಾಲಿನಲ್ಲಿ ಕೂತು ನೋಡಲಾರೆ. ನೀನೇ ಬಿಚ್ಚು. ನಿನಗೆ ಆ ತಾಕತ್ತಿದೆ. ನೀನು ಒಪ್ಪದಿದ್ದರೆ ನಾನು ಚಿತ್ರ ಕಳಿಸುವುದಿಲ್ಲ, ಸಭೆಗೆ ಬರುವುದೂ ಇಲ್ಲ. ಹೆದರಿಸುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ, ಹೆದರಿಸುತ್ತಲೇ ಇದ್ದೇನೆ.

ನಾನು ಹೇಳಿದ್ದು ಸರಿ. ನಿನ್ನ ಮಗಳಾದ್ದರಿಂದಲೇ ಇಷ್ಟು ಖಚಿತವಾಗಿ ಹೇಳಬಲ್ಲೆ.

ನಿನ್ನ ಹೊಟ್ಟೆಯಲ್ಲೇ ಹುಟ್ಟಿದ
ಮೊಂಡಿ

ಮರೆತ ಮಾತು: ಚಿತ್ರ ಮುಗಿದೇಹೋಗಿದೆ. ಎಳೆ ಮಣಿಯಾಗುವ ಕಡೆ ಸಂಗೀತ ಕೂಡ ಹಾಕಿದ್ದೆ. ತುಂಬ ಚೆನ್ನಾಗಿ ಬಂದಿದೆ. ಸುಮ್ಮನೆ ಕಳಿಸಿಬಿಡೋಣ, ಅಮ್ಮ ಒಂದು ದಿನ ಖುಷಿಯಾಗಿರಲಿ ಎಂದು ಲಕೋಟೆಗೆ ಹಾಕಿ ವಿಳಾಸವನ್ನೂ ಬರೆದಿದ್ದೆ.

*

ಮಾರ್ಚ್ ೧೭, ಸೋಮವಾರ

ಮೊಂಡಿ,

ನಿನ್ನ ಕಾಗದ ಬಂತು. ಕೂತುಕೊಂಡು ಓದಲಿಲ್ಲ. ನಿನ್ನ ಲೆಕ್ಕ ತಪ್ಪು, ಎರಡನೇ ಪುಟಕ್ಕೆ ಅಲ್ಲ, ಮೊದಲ ಪುಟಕ್ಕೇ ಎದ್ದು ಓಡಾಡಿದೆ. ಹರಿಯಲಿಲ್ಲ. ಮುದುರಿ ಕಸದ ಬುಟ್ಟಿಗೆ ಎಸೆದೆ, ನಿಮ್ಮಪ್ಪ ಎತ್ತಿ ಇಸ್ತ್ರಿ ಮಾಡಿದ ಹಾಗೆ ಸವರಿ ಪುಸ್ತಕದೊಳಗೆ ಇಟ್ಟರು. ಆ ಮನುಷ್ಯನ ಜೊತೆ ಜಗಳವಾಡುವುದೂ ಒಂದೇ, ಗೋಡೆಯ ಜೊತೆ ಆಡುವುದೂ ಒಂದೇ.

ನಿನಗೊಂದು ಉತ್ತರ ಬರೆದೆ. ಅದರಲ್ಲಿ ನಿನ್ನ ನಡತೆ, ನಿನ್ನ ಗರ್ವ, ಕದ್ದು ಬಾಗಿಲು ತೆಗೆಸಿದ್ದು, ಎಲ್ಲ ಇತ್ತು. ಭಾಷೆ ಚೆನ್ನಾಗಿತ್ತು. ಅಂಚೆಗೆ ಹಾಕಿ ಬನ್ನಿ ಎಂದು ನಿಮ್ಮಪ್ಪನ ಕೈಗೆ ಕೊಟ್ಟರೆ, ಹಾಕುವುದಿಲ್ಲ ಎಂದರು. ಮದುವೆಯಾದಂದಿನಿಂದ ಅವರು ನನಗೆ ಆಗುವುದಿಲ್ಲ ಎಂದದ್ದು ಅದೇ ಮೊದಲು. ಮೊದಲು ದೀಪ ತಗ್ಗಿಸಿ ನೋಡು, ಆಮೇಲೆ ಬೇಕಾದರೆ ನಾನೇ ಹೋಗಿ ಹಾಕಿ ಬರುತ್ತೇನೆ ಎಂದರು. ಸರಿ, ನಿನ್ನ ಬಾಯಿ ಮುಚ್ಚಿಸೋಣ ಎಂದು ಪ್ರಯೋಗಾಲಯಕ್ಕೆ ಹೋದೆ.

ಉದ್ದಜಡೆ ನನ್ನನ್ನು ನೋಡಿದ ಕೂಡಲೇ ಬೆವರಿದಳು. ಬೈಯಲಿಲ್ಲ, ನೀನು ಹೇಳಿದೆ ಎಂದಲ್ಲ, ಕೆಲಸವಿತ್ತು. ನೀನು ಜೋರು ದೀಪ, ಸಣ್ಣ ದೀಪ ಎಂದು ಎರಡೇ ನೋಡಿ ತೀರ್ಪು ಕೊಟ್ಟಿದ್ದೀಯ. ಅದು ಅವಸರದ ಕೆಲಸ. ನಾನು ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ. ಕೋಶ ಬೆಳೆಸಿದ ತಟ್ಟೆಗಳ ಮೇಲಿನ ಗುರುತು ಮುಚ್ಚಿಸಿ, ಯಾವುದಕ್ಕೆ ಎಷ್ಟು ಬೆಳಕು ಬಿದ್ದಿದೆ ಎಂದು ನೋಡುವವರಿಗೇ ತಿಳಿಯದ ಹಾಗೆ ಮಾಡಿದೆ. ಟೀಗೆ ಯಾರನ್ನೂ ಕಳಿಸಲಿಲ್ಲ. ಆ ವಾರ ಪ್ರಯೋಗಾಲಯದಲ್ಲಿ ಯಾರ ಮುಖದಲ್ಲೂ ಕಳೆಯಿರಲಿಲ್ಲ.

ನೀನು ಹೇಳಿದ್ದು ಸರಿ.

ಈ ವಾಕ್ಯ ಬರೆಯಲು ಪೆನ್ನು ಬಹಳ ಹೊತ್ತು ತೆಗೆದುಕೊಂಡಿತು. ಇನ್ನೊಮ್ಮೆ ಬರೆಯುವುದಿಲ್ಲ, ಈ ಕಾಗದ ಜೋಪಾನವಾಗಿಟ್ಟುಕೋ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನಾನು ಹೆತ್ತ ಮಣಿಯನ್ನು ಊರೆಲ್ಲ ಹೊತ್ತು ಮೆರೆಸಿದೆ. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹಸಿವಾಯಿತು, ತಿಂದೆ.

ಆದರೆ ನೀನೂ ತಪ್ಪು ಹೇಳಿದ್ದೀಯ. ಮಣಿ ಸುಳ್ಳು ಎಂದು ಬರೆದಿದ್ದೀಯ. ಮಣಿ ಸುಳ್ಳಲ್ಲ ಕಣೇ, ಮಣಿಗೆ ನಾನು ಹೇಳಿದ ಅರ್ಥ ಸುಳ್ಳು. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕಪ್ಪು ಪರದೆಯ ಹಿಂದೆ ಕೂತು ಏನು ಪ್ರಯೋಜನ? ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ ಎಂದೆನಲ್ಲ, ಒಂದು ಮೆಟ್ಟಿಲವರೆಗೆ ಎಳೆ ಗಟ್ಟಿಯಾಗಿ ನಿಲ್ಲುತ್ತದೆ, ಅದು ದಾಟಿದ ಕೂಡಲೇ ಮಣಿ. ಯಾವ ತಟ್ಟೆಯಲ್ಲಿ ನೋಡಿದರೂ ಹಾಗೇ. ನಿನ್ನ ನೆಲಮಾಳಿಗೆಗೆ ದಿನಾ ಜನ ಬಂದು ತಮ್ಮ ತಮ್ಮ ಕೋಶಕ್ಕೆ ಬಣ್ಣ ಹಾಕಿ ಬೆಳಕು ಸುರಿಯುತ್ತಾರಲ್ಲ, ನಾವು ನೋಡುತ್ತಿರುವುದು ಆರೋಗ್ಯವನ್ನೋ ನಮ್ಮದೇ ಏಟನ್ನೋ ಎಂದು ಅವರಲ್ಲಿ ಎಷ್ಟು ಜನ ಕೇಳಿಕೊಂಡಿದ್ದಾರೆ? ಕೇಳಿಕೊಂಡರೂ ತಿಳಿಯುವುದು ಹೇಗೆ? ಜ್ವರ ನೋಡಲು ಥರ್ಮಾಮೀಟರ್ ಇದೆ. ಇದಕ್ಕೆ ಮಣಿ ಇದೆ. ಮಣಿ ಕಂಡರೆ ದೀಪ ತಗ್ಗಿಸು ಎಂದು ಕೋಶವೇ ಹೇಳುತ್ತಿದೆ. ಇಷ್ಟು ವರ್ಷ ನನಗೂ ಹೇಳಿತು, ನಾನು ಅದನ್ನು ಉಸಿರು ಎಂದು ಕರೆದೆ. ಉದ್ದಜಡೆಯ ಪ್ರಬಂಧ ಇನ್ನು ಇದರ ಮೇಲೆ. ಹಳೆಯದರಲ್ಲಿ ಇಷ್ಟು ಜೀವ ಇರಲಿಲ್ಲ ಎಂದು ಅವಳೇ ಹೇಳುತ್ತಾಳೆ, ನನ್ನೆದುರಿಗೇ. ನಿನ್ನ ಸಹವಾಸ.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಭಾಷಣದ ಶೀರ್ಷಿಕೆ ಬದಲಾಗಿದೆ ಎಂದೆ. ಹೊಸದು “ಮಣಿ ಮೇಡಂ ತಪ್ಪು” ಎಂದಾಗ ಎರಡು ಸಲ ಕೇಳಿ ಬರೆದುಕೊಂಡರು. ಆಮೇಲೆ ಬಹಳ ಮೆತ್ತಗೆ, ಸಂತೋಷದ ಸಮಾರಂಭ, ಇದನ್ನು ಮುಂದೆ ಯಾವಾಗಲಾದರೂ ಒಂದು ಲೇಖನದಲ್ಲಿ ಹೇಳಬಹುದಲ್ಲ, ಇಲ್ಲದಿದ್ದರೆ ಸಮಿತಿಯವರು ಸನ್ಮಾನದ ವಿಷಯವನ್ನೇ ಮತ್ತೆ ಯೋಚಿಸಬೇಕಾದೀತು ಎಂದರು.

“ಸನ್ಮಾನ ಬಿಡಿ, ಮೈಕ್ ಕೊಡಿ” ಎಂದೆ.

ಕೊಡುತ್ತಾರೆ. ಸನ್ಮಾನದ ವಿಷಯ ಇನ್ನೂ ತೀರ್ಮಾನವಾಗಿಲ್ಲವಂತೆ. ಅವರು ಕೊಟ್ಟರೆ ತೆಗೆದುಕೊಳ್ಳುತ್ತೇನೆ, ಬೇಡ ಎನ್ನುವಷ್ಟು ದೊಡ್ಡವಳಲ್ಲ. ಕೊಡದಿದ್ದರೆ ಭಾಷಣ ಮುಗಿಸಿ, ಕ್ಯಾಂಟೀನಿನಲ್ಲಿ ಟೀ ಕುಡಿದು ಮನೆಗೆ ಬರುತ್ತೇನೆ. ವೇದಿಕೆಯ ಮೇಲೆ, ಇದನ್ನು ಕಂಡುಹಿಡಿದವಳು ನನ್ನ ಮಗಳು ಎಂದು ಹೇಳುತ್ತೇನೆ. ನೀನು ಮುಂದಿನ ಸಾಲಿನಲ್ಲಿರಬೇಕು. ಹೇಗಿದ್ದರೂ ಚಿತ್ರ ನಿನ್ನದೇ. ಸಂಗೀತ ತೆಗೆದುಹಾಕು, ಕೋಶಕ್ಕೆ ಪೆಟ್ಟು ಬೀಳುವಾಗ ವೀಣೆ ಬಾರಿಸುವುದು ಬೇಡ. ದೀಪ ಹಾಕಿದ್ದು ಯಾವಾಗ, ಆರಿಸಿದ್ದು ಯಾವಾಗ, ಟೀಗೆ ಹೋಗಿದ್ದು ಯಾವಾಗ, ಎಲ್ಲ ಕಾಣಲಿ. ಜನ ನಗಲಿ. ನಾನೇ ಮೊದಲು ನಗುತ್ತೇನೆ, ಆಮೇಲೆ ಅವರಿಗೆ ಧೈರ್ಯ ಬರುತ್ತದೆ.

ಟವೆಲು ತಂದುಕೊಡು.

ಅಮ್ಮ

ಬರೆಯಬಾರದು ಎಂದುಕೊಂಡಿದ್ದು: ದೀಪ ಅಷ್ಟು ಜೋರು ಯಾಕೆ ಎಂದು ಕೇಳಿದ್ದೆಯಲ್ಲ. ನನಗೆ ಇರುಳುಗುರುಡು, ಹುಟ್ಟಿನಿಂದ. ನಿಮ್ಮಪ್ಪನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನಗೆ ಬಂದಿಲ್ಲ, ಹೆದರಬೇಡ. ನೀನು ಚಿಕ್ಕವಳಿದ್ದಾಗ ಕತ್ತಲೆ ಕೋಣೆಯಲ್ಲಿ ಬೇಕೆಂದೇ ಅಂಗಿಯ ಗುಂಡಿ ಬೀಳಿಸಿ ಹುಡುಕಲು ಹೇಳುತ್ತಿದ್ದೆ, ನೀನು ಪಟ್ಟನೆ ಎತ್ತಿಕೊಡುತ್ತಿದ್ದೆ. ಆಗೆಲ್ಲ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದು ನಿನಗೆ ತಿಳಿಯುವುದಿಲ್ಲ. ಆ ಕೋಣೆಗಳಲ್ಲಿ ನಿನ್ನ ಹೆಗಲ ಮೇಲೆ ಕೈಯಿಟ್ಟೇ ನಡೆಯುತ್ತಿದ್ದೆನಲ್ಲ, ಅದು ಮುದ್ದೂ ಹೌದು, ದಾರಿಯೂ ಹೌದು. ಕಣ್ಣು ಕಾಣದವಳನ್ನು ಸೂಕ್ಷ್ಮದರ್ಶಕದ ಮುಂದೆ ಯಾರು ಕೂರಿಸುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ. ನನಗೆ ಕಾಣುವ ಮಟ್ಟಕ್ಕೆ ದೀಪ ಏರಿಸಿ ಗುರುತು ಹಾಕಿದೆ. ಈ ವಾರ ಸಣ್ಣ ದೀಪದಲ್ಲಿ ಉದ್ದಜಡೆ, ಎಳೆ ಎಷ್ಟು ಚೆನ್ನಾಗಿದೆ ನೋಡಿ ಮೇಡಂ ಎಂದಳು. ಕಣ್ಣಿಟ್ಟೆ. ಬರೀ ಕಪ್ಪು. ಹೌದು, ಚೆನ್ನಾಗಿದೆ ಎಂದೆ. ಆಮೇಲೆ ಕ್ಯಾಮೆರಾ ತೆಗೆದಿದ್ದನ್ನು ಪರದೆಯ ಮೇಲೆ ಹೊಳಪು ಏರಿಸಿ ನೋಡಿ ಲೆಕ್ಕವೆಲ್ಲ ಮಾಡಿದೆ, ಅದರಲ್ಲಿ ಮೋಸವಿಲ್ಲ. ಆದರೆ ನನ್ನ ಜೀವಮಾನದಲ್ಲಿ ನಾನು ಕಣ್ಣಾರೆ ನೋಡಿದ ಪ್ರತಿಯೊಂದು ಎಳೆಗೂ ಆಗಲೇ ಏಟು ಬೀಳುತ್ತಿತ್ತು. ಏಟು ಬೀಳದ ಎಳೆಯನ್ನು ನಾನು ನೋಡಿಲ್ಲ, ನೀನು ನೋಡಿದ್ದೀಯ. ಕಣ್ಣಾರೆ ಕಾಣದ್ದನ್ನು ಒಪ್ಪಿದ್ದು ಇದೇ ಮೊದಲು, ನೀನು ಹೇಳಿದೆ ಎಂದು ಒಪ್ಪಿದೆ. ಸಭೆಗೆ ನಾಲ್ಕು ದಿನ ಮುಂಚೆಯೇ ಬಾ. ಯಂತ್ರದ ಮುಂದೆ ಇಬ್ಬರೂ ಕೂರೋಣ. ನೀನು ನೋಡು, ಏನು ಕಾಣುತ್ತದೆ ಎಂದು ನನಗೆ ಹೇಳು.